ಹೆಸರಿನ ಜಾಗದಲ್ಲಿ ಆರು

ಮೊಬೈಲಿನ ಸೆಟ್ಟಿಂಗ್ ಎಂದರೆ ನನಗೆ ಹೊಟ್ಟೆಪಾಡು. ವಿಜಯಪುರದಲ್ಲಿ ಕಚೇರಿಗಳ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಪಾಸ್‌ವರ್ಡ್ ಮರೆತವರು, ಒಟಿಪಿ ಬಾರದವರು, ಫೋನಿನ ಅಕ್ಷರ ಇದ್ದಕ್ಕಿದ್ದಂತೆ ದೊಡ್ಡದಾಗಿ ಹೆದರಿದವರು, ಎಲ್ಲರೂ ನನ್ನ ಮುಂದೆ ಫೋನು ಚಾಚುತ್ತಾರೆ. "ಏನ ಒತ್ತಿದ್ರಿ?" ಎಂದರೆ "ಏನೂ ಒತ್ತಿಲ್ಲವಾ, ತಾನಽ ಆತು" ಎನ್ನುತ್ತಾರೆ. ತಾನೇ ಏನೂ ಆಗುವುದಿಲ್ಲ, ಯಾರೋ ಒಬ್ಬರು ಒತ್ತಿರುತ್ತಾರೆ. ನಮ್ಮ ಅಪ್ಪನ ವಿಷಯದಲ್ಲಿ ಒತ್ತಿದವಳು ನಾನು.

ಅಪ್ಪ ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಮೇಲ್ವಿಚಾರಕನಾಗಿದ್ದ. ಹಸಿರು ಮಣೂಕ ಒಂದು ಕಡೆ, ಕಂದು ಒಂದು ಕಡೆ, ಕಡ್ಡಿಕಸ ಒಂದು ಕಡೆ ಮಾಡಿಸುವುದು ಅವನ ಕೆಲಸ. ಅವನಿಗಿದ್ದ ಒಂದೇ ಚಟ ಚೆಸ್. ಚೆಸ್ ಎಂದು ಕರೆದರೆ ಮಾತ್ರ ಸಿಟ್ಟು ಬರುತ್ತಿತ್ತು. "ಅದಕ್ಕ ಬುದ್ಧಿಬಲ ಅಂತ ಹೆಸರೈತಿ, ಹೆಸರ ಹಿಡದ ಕರಿ" ಎನ್ನುತ್ತಿದ್ದ. ಅವನ ಜೋಡಿ ಎಂದರೆ ಬಬಲೇಶ್ವರದ ಒಬ್ಬ ಟೇಲರ್; ನಾನು ಅವರನ್ನು ಟೇಲರ್ ಕಾಕಾ ಎನ್ನುತ್ತೇನೆ. ಬಬಲೇಶ್ವರದ ಸಂತೆಯ ದಿನ ಅಪ್ಪ ರಜೆ ಹಾಕಿ, ಕಾಯಿಪಲ್ಯ ತರುವ ನೆವ ಮಾಡಿಕೊಂಡು, ಚೀಲ ಹಿಡಿದು ಹೊರಡುತ್ತಿದ್ದ. ಸಂಜೆ ಬರಿ ಚೀಲ ನೋಡಿ ಅವ್ವ "ಬದನೀಕಾಯಿ ಎಲ್ಲಿ?" ಎಂದರೆ "ಎರಡ ಆಟ ಗೆದ್ನಿ" ಎಂದು ಉತ್ತರ ಕೊಡುತ್ತಿದ್ದ.

ಸಣ್ಣವಳಿದ್ದಾಗ ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಹೊಲಿಗೆ ಮಷಿನ್ನಿನ ಪಕ್ಕದ ಬಾಕಿನ ಮೇಲೆ ಹಲಗೆ ಇಟ್ಟುಕೊಂಡು ಇಬ್ಬರೂ ಕುಳಿತರೆ ಸಂತೆಯ ಗದ್ದಲ ಅವರ ಕಿವಿಗೆ ಬೀಳುತ್ತಿರಲಿಲ್ಲ. "ಬರ್ರಿ ತಿಕೋಟಾ ಸರದಾರ್ರ, ಇವತ್ತ ಎಷ್ಟ ಹೊಡತ ತಿಂತೀರಿ?" ಎಂದು ಕಾಕಾ ಶುರು ಮಾಡಿದರೆ "ಲೇ ಟೇಲರ, ಮೊದಲ ನಿನ್ನ ಕುತ್ತಿಗಿ ಅಳತಿ ತಗೊ" ಎಂದು ಅಪ್ಪ. ಅವರಿಬ್ಬರ ಆಟದಲ್ಲಿ ಒಂದು ಕಟ್ಟಾ ನಿಯಮವಿತ್ತು. ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಬೆರಳು ತಾಗಿದರೂ ಮುಗಿಯಿತು. ಕೈ ಹಿಂದೆ ತೆಗೆದರೆ ಮಾನ ಹೋದಂತೆ. ಇನ್ನೊಂದು, ಬಿಟ್ಟುಕೊಡುವ ಮಾತೇ ಇರಲಿಲ್ಲ. ಅಪ್ಪನಿಗೆ ಮೈ ಸುಡುವ ಜ್ವರವಿದ್ದ ದಿನವೂ ಕಾಕಾ ಅವನನ್ನು ಸೋಲಿಸಿಯೇ, ಆಮೇಲೆ ಎದ್ದು ಹೋಗಿ ಜ್ವರದ ಗುಳಿಗೆ ತಂದುಕೊಟ್ಟಿದ್ದರು. ಅಪ್ಪ ಆ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ.

ಅವ್ವ ತೀರಿಕೊಂಡ ಮರುವರ್ಷ ಅಪ್ಪ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡ. ನಾನು ಮದುವೆಯಾಗದೆ ವಿಜಯಪುರದಲ್ಲಿ ಒಬ್ಬಳೇ ಇದ್ದೆ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ, ಇಲ್ಲಿ ಬೇಡ. ಅಪ್ಪನನ್ನು ನನ್ನ ಮನೆಗೇ ಕರೆತಂದೆ. ಎಲುಬು ಕೂಡಿತು, ಕೋಲು ಹಿಡಿದು ಅಂಗಳದವರೆಗೆ ನಡೆದ, ಆದರೆ ಬಸ್ಸು ಹತ್ತುವ ಕಾಲು ಉಳಿಯಲಿಲ್ಲ. ಬಬಲೇಶ್ವರದ ಸಂತೆಯ ದಿನ ಬಂತೆಂದರೆ ಬೆಳಗಿನಿಂದಲೇ ಗುರ್ರೆನ್ನುತ್ತಿದ್ದ. ಚಹಾದಲ್ಲಿ ಸಕ್ಕರೆ ಹೆಚ್ಚು, ಫ್ಯಾನು ಸಪ್ಪಳ ಮಾಡುತ್ತದೆ, ನನ್ನ ರೊಟ್ಟಿ ದಪ್ಪ. ಟೇಲರ್ ಕಾಕಾಗೆ ಫೋನು ಮಾಡಿ, ನೀವೂ ಒಂದು ದೊಡ್ಡ ಫೋನು ತೆಗೆದುಕೊಳ್ಳಿ, ಇಬ್ಬರೂ ಅದರಲ್ಲೇ ಆಡಬಹುದು ಎಂದೆ. "ಗಾಜಿನ ಮ್ಯಾಲ ಬೆರಳ ತಿಕ್ಕೋದು ನನಗ ಆಗಂಗಿಲ್ಲವಾ. ಕಾಯಿ ಕೈಯಾಗ ಹಿಡೀಬೇಕು" ಎಂದರು. ಹಾಗಾಗಿ ಅಪ್ಪನ ಫೋನಿಗೆ ಕಂಪ್ಯೂಟರಿನೊಡನೆ ಆಡುವ ಆ್ಯಪ್ ಹಾಕಿಕೊಟ್ಟೆ.

ಮೊದಮೊದಲು ಮನೆಯಲ್ಲಿ ನಗೆಯೋ ನಗೆ. ಮೆನು ತೆರೆಯುವ ಮೂರು ಅಡ್ಡ ಗೆರೆಗೆ ಅಪ್ಪ ವಿಭೂತಿ ಎಂದು ಹೆಸರಿಟ್ಟ. ಸೆಟ್ಟಿಂಗ್‌ನ ಹಲ್ಲಿನ ಗಾಲಿ ಅವನಿಗೆ ಚಕ್ರ. "ವಿಭೂತಿ ಒತ್ತಿದ್ನಿ, ಚಕ್ರ ಬಂತು, ಮುಂದ?" ಎಂದು ಅಂಗಡಿಗೆ ಫೋನು ಮಾಡುತ್ತಿದ್ದ, ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ಕಾಯಿ ಮುಟ್ಟಿದರೆ ಅದು ಹೋಗಬಹುದಾದ ಮನೆಗಳಲ್ಲಿ ಚುಕ್ಕೆ ಮೂಡುತ್ತಿತ್ತು. "ಇದೇನ ಪರೀಕ್ಷಾದಾಗ ಕಾಪಿ ಹೊಡದಂಗ" ಎಂದು ಅದನ್ನು ಬಂದ್ ಮಾಡಿಸಿದ. ನಡೆ ಹಿಂದಕ್ಕೆ ತೆಗೆದುಕೊಳ್ಳುವ ಬಾಣದ ಗುರುತು ತೋರಿಸಿದಾಗ "ನಾಚಿಕಿ ಬಿಟ್ಟವರ ಸಲುವಾಗಿ ಇಟ್ಟಾರ" ಎಂದ. ಆ್ಯಪಿನಲ್ಲಿ ಕಾಯಿ ಮುಟ್ಟಿ ಬಿಟ್ಟು ಇನ್ನೊಂದನ್ನು ನಡೆಸಬಹುದಿತ್ತು, ಅಪ್ಪ ಹಾಗೆ ಮಾಡಲಿಲ್ಲ. ತಪ್ಪಾಗಿ ಒಂಟೆಗೆ ಬೆರಳು ತಾಗಿದರೆ ಒಂಟೆಯನ್ನೇ ನಡೆಸಿ, ಅದು ಹೋಗಿದ್ದಕ್ಕೆ ಹಣೆ ಬಡಿದುಕೊಳ್ಳುತ್ತಿದ್ದ.

ಒಂದೇ ಜಗಳ ಬಂದದ್ದು ರಾಜನ ಜಿಗಿತಕ್ಕೆ. ಅವರ ಹಳೆಯ ಆಟದಲ್ಲಿ ರಾಜ ಇಡೀ ಆಟಕ್ಕೆ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು, ಅಷ್ಟರೊಳಗೆ ಅವನಿಗೆ ಶಹ, ಅಂದರೆ ಚೆಕ್, ಬಿದ್ದಿರಬಾರದು ಅಷ್ಟೆ. ಆ್ಯಪಿನ ರಾಜ ಎಷ್ಟು ಎಳೆದರೂ ತನ್ನ ಮನೆಗೇ ವಾಪಸು ಹೋಗಿ ಕೂರುತ್ತಿದ್ದ. "ಚಕ್ರದಾಗ ಎಲ್ಯರೆ ಇರ್ತೈತಿ, ಹುಡುಕು" ಎಂದ ಅಪ್ಪ. ನಾನು ಹುಡುಕಿದೆ. ಹಲಗೆಯ ಬಣ್ಣ ಇತ್ತು, ಕಾಯಿಯ ಆಕಾರ ಇತ್ತು, ಸಪ್ಪಳ ಇತ್ತು, ಜಿಗಿತ ಇರಲಿಲ್ಲ. ಕೊನೆಗೆ ಆ್ಯಪಿನವರಿಗೆ ಒಂದು ಅರ್ಜಿ ಬರೆಸಿದ. ಅವನು ಹೇಳುತ್ತಾ ಹೋದ, ನಾನು ಟೈಪು ಮಾಡಿದೆ: "ಮಾನ್ಯರೇ, ನಿಮ್ಮ ರಾಜಾ ಬಾಳ ಸುಸ್ತ ಅದಾನ. ನಮ್ಮ ಕಡೆ ರಾಜಾ ಒಮ್ಮೆ ಜಿಗೀತಾನ. ತಿದ್ದಬೇಕು." ಉತ್ತರ ಬರಲಿಲ್ಲ. "ಸರಕಾರದವರಿಗಿಂತ ಕಡಿ" ಎಂದು ಬೈದು ಜಿಗಿತವಿಲ್ಲದೆಯೇ ಆಡುವುದನ್ನು ರೂಢಿ ಮಾಡಿಕೊಂಡ.

ಆ ಆ್ಯಪಿನಲ್ಲಿ ಒಂದರಿಂದ ಹತ್ತರವರೆಗೆ ಲೆವೆಲ್ ಇದ್ದವು. ಅಪ್ಪ ಎರಡರಿಂದ ಶುರು ಮಾಡಿ, ಮೂರು ತಿಂಗಳಲ್ಲಿ ಆರಕ್ಕೆ ಬಂದ. ಆರರಲ್ಲಿ ಮೂರು ಆಟಕ್ಕೆ ಒಂದು ಗೆಲ್ಲುತ್ತಿದ್ದ. ಅದು ಅವನ ಸ್ವಂತ ಗಳಿಕೆ. ಪರದೆಯ ಮೇಲ್ತುದಿಯಲ್ಲಿ ಕಾಣುವ ಆ ಆರನ್ನು ಅವನು ಹಾಲು ಕೊಡಲು ಬರುವ ಹೆಂಗಸಿಗೂ ತೋರಿಸಿದ್ದ.

ಒಂದು ದಿನ ನಾನು ರೊಟ್ಟಿ ಬಡಿಯುತ್ತಾ ನೋಡಿದೆ, ಅಪ್ಪ ಬಾಣದ ಗುರುತು ಒತ್ತಿ ನಡೆ ಹಿಂದಕ್ಕೆ ತೆಗೆದುಕೊಂಡ. ಮತ್ತೆ ಒತ್ತಿದ. ಆಮೇಲೆ ಸೋಲು ಶುರುವಾಯಿತು. ಹತ್ತು ಆಟ ಆಡಿದರೆ ಹತ್ತೂ ಸೋಲು. ಕುದುರೆ ಹೇಗೆ ಹೋಗುತ್ತದೆ ಎಂದು ಬೆರಳಲ್ಲಿ ಗಾಳಿಯಲ್ಲಿ ಎಣಿಸುತ್ತಿದ್ದ. ಉಣ್ಣಲು ಕರೆದರೆ "ಹಸಿವಿಲ್ಲ" ಎನ್ನುತ್ತಿದ್ದ. ಅಂಗಿಯ ಗುಂಡಿ ಮೇಲೆ ಕೆಳಗೆ ಆಗತೊಡಗಿತು. ಡಾಕ್ಟರಿಗೆ ತೋರಿಸಿದೆ. "ಮರವಿನ ರೋಗ ಶುರು ಆಗೈತ್ರಿ. ನಿಧಾನ ಮಾಡೂ ಔಷಧ ಐತಿ, ತಿರುಗಿ ಬರೂದು ಇಲ್ಲ" ಎಂದರು. ಅವತ್ತು ಮನೆಗೆ ಬಂದು, ಅಪ್ಪ ಮಲಗಿದ್ದಾಗ, ಅವನ ಫೋನು ತೆಗೆದುಕೊಂಡು ಲೆವೆಲ್ಲನ್ನು ಐದಕ್ಕೆ ಇಳಿಸಿದೆ.

ಆದರೆ ಮೇಲ್ತುದಿಯಲ್ಲಿ ಐದು ಎಂದು ಕಾಣುತ್ತದಲ್ಲ! ಅದಕ್ಕೂ ಚಕ್ರದೊಳಗೆ ದಾರಿ ಇತ್ತು. ಲೆವೆಲ್ ಕಾಣದಂತೆ ಮಾಡಬಹುದಿತ್ತು. ಎದುರಾಳಿಗೆ ಬೇಕಾದ ಹೆಸರು ಬರೆಯಬಹುದಿತ್ತು. ನಾನು ಹೆಸರಿನ ಜಾಗದಲ್ಲಿ 'ಲೆವೆಲ್ 6' ಎಂದು ಟೈಪು ಮಾಡಿದೆ. ಮಂದಿಯ ಅರ್ಜಿಯಲ್ಲಿ ಒಂದಕ್ಷರ ತಪ್ಪಿದರೆ ಬೈಯುವವಳು ನಾನು. ಮರುದಿನ ಅಪ್ಪ ಗೆದ್ದ. "ನೋಡಿದೇನವಾ, ಆರನೇದು!" ಎಂದು ಕೂಗಿದ. ಎರಡು ರೊಟ್ಟಿ ಹೆಚ್ಚಿಗೆ ಉಂಡ. ಅವನು ಉಣ್ಣುವುದನ್ನು ನೋಡಿ ನಾನು ಒಳಗೆ ಹೋಗಿ ಅತ್ತೆ, ಖುಷಿಗೋ ದುಃಖಕ್ಕೋ ನನಗೇ ಗೊತ್ತಿಲ್ಲ.

ನಾಲ್ಕು. ಮೂರು. ಡಾಕ್ಟರು ಆರು ತಿಂಗಳಿಗೊಮ್ಮೆ ಚೀಟಿಯಲ್ಲಿ ಏನೋ ಬರೆಯುತ್ತಿದ್ದರು, ಅದು ನನಗೆ ಬೇಕಾಗಿರಲಿಲ್ಲ. ಅಪ್ಪನ ತಲೆ ಎಷ್ಟು ಉಳಿದಿದೆ ಎಂದು ನನ್ನೊಬ್ಬಳಿಗೇ ಅಂಕಿಯಲ್ಲಿ ಗೊತ್ತಿತ್ತು. ಯಾವ ಮಗಳಿಗೂ ಅಂಥ ಲೆಕ್ಕ ಗೊತ್ತಿರಬಾರದು. ಅಪ್ಪನಿಗೆ ಮಾತ್ರ ಪ್ರತಿದಿನ ಆರು.

ಗೆದ್ದು ಗೆದ್ದು ಅವನಿಗೆ ಹುರುಪು ಬಂತು. "ನನ್ನ ಬಬಲೇಶ್ವರಕ ಕರಕೊಂಡ ನಡಿ. ಟೇಲರಗ ಒಂದ ಪಾಠ ಕಲಸ್ತೇನಿ" ಎಂದು ಹಟ ಹಿಡಿದ. ಬಿಸಿಲು ಎಂದೆ, ಕಾಲು ಎಂದೆ, ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದೆ. ಅಪ್ಪ ಉಣ್ಣುವುದು ಬಿಟ್ಟ. ಕೊನೆಗೆ ಸಂತೆಯ ದಿನ ಅಂಗಡಿ ಬಂದ್ ಮಾಡಿ, ಕಂಡಕ್ಟರನ ಕೈ ಹಿಡಿಸಿ ಅವನನ್ನು ಬಸ್ಸು ಹತ್ತಿಸಿದೆ. ಟೇಲರ್ ಕಾಕಾಗೆ ಮೊದಲೇ ಫೋನು ಮಾಡಿ ರೋಗದ ವಿಷಯ ಹೇಳಬೇಕಿತ್ತು. ಹೇಳಿದರೆ ಅವರು ಬಿಟ್ಟುಕೊಟ್ಟಾರು, ಅದು ಅಪ್ಪನಿಗೆ ಗೊತ್ತಾದೀತು ಎಂದು ಹೇಳಲಿಲ್ಲ. ನನ್ನ ಜಾಣತನಕ್ಕೆ ಬೆಂಕಿ ಹಾಕ!

ಕಾಕಾ ಅಪ್ಪನನ್ನು ನೋಡಿ ಮಷಿನ್ನು ಬಿಟ್ಟು ಎದ್ದು ಬಂದು ತಬ್ಬಿಕೊಂಡರು. ಬಾಕಿನ ಮೇಲೆ ಹಲಗೆ ಇಟ್ಟರು. ಐದಾರು ನಡೆಗಳಲ್ಲೇ ಅವರ ಮುಖ ಬದಲಾಯಿತು. ಅಪ್ಪನ ವಜೀರ ಸುಮ್ಮನೆ ಕಾಕಾರ ಕಾಯಿಯ ಬಾಯಿಗೆ ಬಂದು ನಿಂತಿದ್ದ. ಅಪ್ಪನಿಗೆ ಅದು ಕಾಣಿಸಿಯೇ ಇರಲಿಲ್ಲ. ಕಾಕಾ ಕನ್ನಡಕದ ಮೇಲಿಂದ ನನ್ನತ್ತ ನೋಡಿದರು. ನಾನು ಸಂತೆಯ ಕಡೆ ಮುಖ ತಿರುಗಿಸಿದೆ. ಅವರು ವಜೀರನನ್ನು ಹೊಡೆಯಲಿಲ್ಲ. ಆಟ ಮುಂದುವರಿಯಿತು. ಒಂದು ಹಂತದಲ್ಲಿ ಕಾಕಾ ಅಭ್ಯಾಸಬಲದಿಂದ ಆನೆಯ ಮೇಲೆ ಕೈ ಇಟ್ಟರು. ಆನೆ ನಡೆದರೆ ಅಲ್ಲಿಗೆ ಅಪ್ಪನ ರಾಜ ಮುಗಿಯುತ್ತಿದ್ದ. ಕೈ ಇಟ್ಟವರು ಬೆಂಕಿ ತಾಗಿದವರ ಹಾಗೆ ಹಿಂದೆ ತೆಗೆದು, ಪಕ್ಕದ ಪ್ಯಾದೆಯನ್ನು ಒಂದು ಮನೆ ಮುಂದೆ ತಳ್ಳಿದರು.

"ಕಾಯಿ ಮುಟ್ಟೀದಿ" ಎಂದ ಅಪ್ಪ.

"ಎಲ್ಲಿ? ಇಲ್ಲಲೇ."

"ಆನಿ ಮುಟ್ಟೀದಿ. ನಡಸು."

ಅಪ್ಪನಿಗೆ ಮುಂದಿನ ನಡೆ ಕಾಣುತ್ತಿರಲಿಲ್ಲ, ಆದರೆ ಮುಟ್ಟಿದ ಕೈ ಕಂಡಿತ್ತು. ಕಾಕಾ ಮತ್ತೆ ಇಲ್ಲ ಎಂದರು. ಇಷ್ಟು ವರ್ಷಗಳಲ್ಲಿ ಅವರು ಆ ಹಲಗೆಯ ಮುಂದೆ ಹೇಳಿದ ಮೊದಲ ಸುಳ್ಳು ಅದು. ಅಪ್ಪ ಕೋಲು ಊರಿ ಎದ್ದು ನಿಂತ. "ನನಗ ಭಿಕ್ಷಾ ಹಾಕ್ತೀ ಏನಲೇ ಟೇಲರ?" ಎಂದ. ಅಷ್ಟೇ ಹೇಳಿ, ಸಂತೆಯ ನಡುವೆ ಬಸ್‌ಸ್ಟ್ಯಾಂಡಿನತ್ತ ಕುಂಟುತ್ತಾ ನಡೆದುಬಿಟ್ಟ. ನಾನು ಹಿಂದಿನಿಂದ ಓಡಿದೆ.

ವಿಜಯಪುರದ ಬಸ್ಸು ಊರು ದಾಟಿತು. ಆಮೇಲೆ ಅಪ್ಪ ಕೇಳಿದ.

"ಯವ್ವಾ, ಖರೇ ಹೇಳು. ನನ್ನ ಆಟ ಕೆಟ್ಟೈತೇನು?"

"ಇಲ್ಲಪ್ಪ."

"ಕೆಟ್ಟಿದ್ರ ಹೇಳಿಬಿಡು. ನಾ ತಡಕೋತೇನಿ. ಆಟ ಕೆಟ್ಟಿದ್ರ ಟೇಲರ ಮಾಡಿದ್ದ ತಪ್ಪಲ್ಲ, ಕಕುಲಾತಿಗೆ ಮಾಡ್ಯಾನ. ಕೆಟ್ಟಿಲ್ಲಂದ್ರ ಅವಗ ಸೊಕ್ಕ. ಅದಕ್ಕಽ ಕೇಳಾಕತ್ತೇನಿ. ಫೋನಿನ್ಯಾಗ ನಾ ಆರನೇದರಾಗ ಗೆದ್ದಿದ್ದ ಖರೇನೋ, ನೀ ಏನರೆ ಸಡಲ ಮಾಡೀಯೋ?"

ಎಷ್ಟು ಸರಿಯಾಗಿ ಕೇಳಿದ ನೋಡಿ. ಮೂರಕ್ಕೆ ಇಳಿದ ತಲೆ ಅಷ್ಟು ಸರಿಯಾಗಿ ಕೇಳಿತು. ತಾಳಿಕೊಳ್ಳುತ್ತೇನೆ ಎಂದೂ ಹೇಳಿತು. ನಾನೇ ತಾಳಿಕೊಳ್ಳಲಿಲ್ಲ.

"ನಾ ಏನೂ ಮಾಡಿಲ್ಲ. ನೀನಽ ಗೆದ್ದೀದಿ."

"ನನ್ನ ತಲಿ ಮುಟ್ಟಿ ಹೇಳು."

ಬಸ್ಸಿನ ಕುಲುಕಾಟದಲ್ಲಿ ಅವನ ಬಿಳಿ ಟೋಪಿ ಸರಿಸಿ, ನೆತ್ತಿಯ ಮೇಲೆ ಅಂಗೈ ಇಟ್ಟು ಹೇಳಿದೆ, "ನಿನ್ನಾಣಿ, ನಾ ಏನೂ ಮಾಡಿಲ್ಲ." ನೆತ್ತಿ ಬಿಸಿಲಿಗೆ ಬೆಚ್ಚಗಿತ್ತು. ಅಪ್ಪ ಉಸಿರು ಬಿಟ್ಟು ಸೀಟಿಗೆ ಒರಗಿದ. "ಹಂಗಾರ ಅವನ ಮುಖಾ ಇನ್ನ ನಾ ನೋಡಂಗಿಲ್ಲ" ಎಂದ. ಸುಳ್ಳು ಆಣೆ ಮಾಡಿದರೆ ಯಾರ ತಲೆ ಮುಟ್ಟಿರುತ್ತೇವೋ ಅವರಿಗೆ ತಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾನು ಅದನ್ನೆಲ್ಲ ನಂಬುವವಳಲ್ಲ. ಆದರೂ ಆ ದಿನದಿಂದ ಇಂದಿನವರೆಗೆ ಆ ಅಂಗೈಯನ್ನು ನೋಡಿಕೊಳ್ಳುತ್ತೇನೆ.

ಹದಿನೈದು ದಿನ ಬಿಟ್ಟು ಕಾಕಾ ತಾವೇ ವಿಜಯಪುರಕ್ಕೆ ಬಂದರು. ಕೈಯಲ್ಲಿ ಒಂದು ಹೊಸ ಅಂಗಿ. ಗುಂಡಿಯ ಬದಲು, ಒತ್ತಿದರೆ ಕೂಡಿಕೊಳ್ಳುವ ಟಿಚ್ ಬಟನ್ ಹಾಕಿದ್ದರು. ಬಬಲೇಶ್ವರದಲ್ಲಿ ಅಪ್ಪನ ಗುಂಡಿ ಮೇಲೆ ಕೆಳಗೆ ಆಗಿದ್ದನ್ನು ನೋಡಿಕೊಂಡಿದ್ದರು. ಅಳತೆಯಂತೂ ಅವರಿಗೆ ಬಾಯಿಪಾಠ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಕರೆದರೂ ಏಳಲಿಲ್ಲ. "ಅಂಗಿ ಬ್ಯಾಡಂತ ಹೇಳು. ಭಿಕ್ಷಾ ಇಲ್ಲೂ ತಂದಾನ" ಎಂದು ಗೋಡೆಗೇ ಹೇಳಿದ.

ಹೊರಗೆ ಕಟ್ಟೆಯ ಮೇಲೆ ಕುಳಿತು ಕಾಕಾಗೆ ನಾನು ಎಲ್ಲವನ್ನೂ ಹೇಳಿದೆ. ಲೆವೆಲ್ ಇಳಿಸಿದ್ದು, ಹೆಸರಿನ ಜಾಗದಲ್ಲಿ ಆರು ಬರೆದದ್ದು, ಆಣೆ ಇಟ್ಟದ್ದು. ಒಳಗೆ ಹೋಗಿ ಈಗಲೇ ಅಪ್ಪನಿಗೂ ಹೇಳಿಬಿಡುತ್ತೇನೆ ಎಂದೆ. ಕಾಕಾ ನನ್ನ ಕೈ ಹಿಡಿದರು.

"ಬ್ಯಾಡವಾ. ನನ್ನ ಮ್ಯಾಲ ಸಿಟ್ಟ ಇದ್ರ ಇರ್ಲಿ. ನಿನ್ನ ಮ್ಯಾಲಿನ ನಂಬಿಕಿ ಹೋದ್ರ ಅವಗ ಇನ್ನ ಯಾರ ಅದಾರ? ನಾ ದೂರ ಇರಾಂವ. ನನಗ ನಡೀತೈತಿ."

ನಡೆಯುವುದಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಆದರೂ ನಾನು ಆ ಮಾತನ್ನು ಗಪ್ಪನೆ ಹಿಡಿದುಕೊಂಡೆ. ನನಗೂ ಅದೇ ಬೇಕಾಗಿತ್ತು. ಹೇಡಿ ನಾನು. ಕಾಕಾ ಅಂಗಿ ಮಡಚಿ ಕಟ್ಟೆಯ ಮೇಲಿಟ್ಟು ಹೋದರು. ಅಂಗಡಿಯಿಂದ ತಂದದ್ದು ಎಂದು ಅಪ್ಪನಿಗೆ ಅದನ್ನು ತೊಡಿಸಿದೆ. ಅದು ಇನ್ನೊಂದು ಸುಳ್ಳು.

ಆಮೇಲಿನ ಒಂದು ವರ್ಷದಲ್ಲಿ ಲೆವೆಲ್ ಎರಡಾಯಿತು, ಒಂದಾಯಿತು. ಒಂದಕ್ಕಿಂತ ಕೆಳಗೆ ಆ್ಯಪಿನಲ್ಲಿ ಏನೂ ಇರಲಿಲ್ಲ. ನಾನು ಎರಡು ಮಂದಿ ಆಡುವ ಮೆನು ತೆರೆದು, ಎದುರಿನ ಕಾಯಿಗಳನ್ನು ನಾನೇ ಸೋಲುವ ಹಾಗೆ ನಡೆಸಿದೆ. ಅದೂ ಮುಗಿಯಿತು. ಒಂದು ದಿನ ಅವನು ಫೋನನ್ನು ಪಕ್ಕಕ್ಕಿಟ್ಟವನು ಮತ್ತೆ ಕೇಳಲಿಲ್ಲ. ಮನೆಯ ಬಾಗಿಲು ಮರೆತ, ಅವ್ವ ತೀರಿಕೊಂಡದ್ದನ್ನು ಮರೆತ, ಉಂಡದ್ದನ್ನು ಮರೆತ. ಟೇಲರ್ ಮೇಲಿನ ಸಿಟ್ಟು ಮಾತ್ರ ಉಳಿಯಿತು. ಸಂತೆಯ ದಿನ ಕಾಕಾ ತಪ್ಪದೆ ಫೋನು ಮಾಡುತ್ತಿದ್ದರು. ಹೆಸರು ಕಿವಿಗೆ ಬಿದ್ದರೆ ಅಪ್ಪ, "ಅವನ್ನ ಒಳಗ ಬಿಡಬ್ಯಾಡ" ಎಂದು ಕೈ ಬೀಸುತ್ತಿದ್ದ. ಏನೇನೋ ಉದುರಿ ಹೋದ ತಲೆಯಲ್ಲಿ ನಾನು ಇಟ್ಟದ್ದು ಮಾತ್ರ ಗಟ್ಟಿಯಾಗಿ ಕುಳಿತಿತ್ತು.

ಕಳೆದ ತಿಂಗಳು ಕಾಕಾ ಬಬಲೇಶ್ವರದ ಅಂಗಡಿ ಮುಚ್ಚಿದರು. ಕಣ್ಣಿಗೆ ಪೂರಾ ಮಂಜು ಬಂದು ಸೂಜಿ ಕಾಣದಾಗಿತ್ತು. ಸೊಲ್ಲಾಪುರದ ಮಗಳ ಮನೆಗೆ ಹೊರಟಿದ್ದರು. "ಹೋಗೂಕಿಂತ ಮೊದಲ ಒಮ್ಮೆ ಕೈ ಹಿಡದು ಹೋಗ್ತೇನವಾ. ಇನ್ನ ನಮ್ಮಿಬ್ಬರದು ಭೆಟ್ಟಿ ಆಗೂದಿಲ್ಲ" ಎಂದು ಫೋನು ಮಾಡಿ, ಮಧ್ಯಾಹ್ನ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ನಾನು ಹೇಳಿದೆ, ಇವತ್ತು ಹೇಳಿಯೇ ಬಿಡುತ್ತೇನೆ, ನಿಮ್ಮನ್ನು ಒಳಗೆ ಕರೆಯುತ್ತೇನೆ, ಸ್ವಲ್ಪ ತಡೆಯಿರಿ. ಈ ಸಲ ಅವರು ಬೇಡ ಎನ್ನಲಿಲ್ಲ.

ಅಪ್ಪ ಮಂಚದ ಮೇಲೆ ಎದ್ದು ಕುಳಿತಿದ್ದ. ಆ ದಿನಗಳಲ್ಲಿ ಅವನು ನನ್ನನ್ನು ಒಮ್ಮೆ ಮಗಳೆಂದು ಗುರುತಿಸುತ್ತಿದ್ದ, ಒಮ್ಮೆ ದವಾಖಾನೆಯ ನರ್ಸ್ ಎಂದುಕೊಳ್ಳುತ್ತಿದ್ದ. ನಾನು ಅವನ ಮುಂದೆ ನೆಲಕ್ಕೆ ಕುಳಿತೆ. ಅವನ ಎರಡೂ ಕೈ ಹಿಡಿದುಕೊಂಡೆ.

"ಯಪ್ಪಾ, ಕೇಳು. ಟೇಲರ್ ಕಾಕಾಂದು ತಪ್ಪಿಲ್ಲ. ನಿನ್ನ ಆಟ ಆಗಽ ಕೆಟ್ಟಿತ್ತು. ಫೋನಿನ್ಯಾಗ ನಾನಽ ಸಡಲ ಮಾಡಿದ್ದೆ. ಸುಳ್ಳ ಆಣಿ ಮಾಡಿದ್ದೆ. ಅವರು ಕಕುಲಾತಿಗೆ ಬಿಟ್ಟಕೊಟ್ಟರು. ಹೊರಗ ಬಂದ ಕುಂತಾರ. ಒಮ್ಮೆ ಒಳಗ ಕರೀಲಿ?"

ಅಪ್ಪ ನನ್ನ ಮುಖ ನೋಡಿದ. ಅರ್ಥವಾಯಿತು ಎಂದುಕೊಂಡೆ. ಆಮೇಲೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ.

"ಹಂಗ ಅನಬ್ಯಾಡ್ರಿ ಅಕ್ಕಾರ" ಎಂದ. "ನನ್ನ ಮಗಳು ನನ್ನ ತಲಿ ಮುಟ್ಟಿ ಹೇಳ್ಯಾಳ. ಆಕಿ ನನಗ ಸುಳ್ಳ ಹೇಳಾಕಿ ಅಲ್ಲ. ಯಾರೋ ನಿಮಗ ತಪ್ಪ ತಿಳಿಸ್ಯಾರ. ಆಕಿ ಅಂಗಡಿ ಮುಚ್ಚಿ ಬರ್ಲಿ, ನೀವಽ ಕೇಳ್ರಿ."

ಹೊರಗೆ ಕಟ್ಟೆಯಿಂದ ಇಳಿದು ಟೇಲರ್ ಕಾಕಾ ಕಾಲಿನಿಂದ ಚಪ್ಪಲಿ ತಡಕಾಡುತ್ತಿರುವ ಸಪ್ಪಳ ಕೇಳಿಸಿತು.